ಕೆಲವರು ಟ್ರಾನ್ಸ್‌ಜೆಂಡರ್ ಆಗಿರುವುದೇಕೆ? ಮನೆಯವರ ಪ್ರಶ್ನೆಗಳಿಗೆ ವಿಜ್ಞಾನದ ಉತ್ತರ

“ಮಗು ಹೊಟ್ಟೆಯಲ್ಲಿದ್ದಾಗ ನಾನು ನುಂಗಿದ ಮಾತ್ರೆಯಿಂದ ಹೀಗಾಯಿತೇ?” “ಇವರು ಸದಾ ಡ್ಯೂಟಿ ಅಂತ ಹೊರಗೇ ಇದ್ದರು, ಹುಡುಗ ಹೆಂಗಸರ ನಡುವೆ ಬೆಳೆದ, ಅದಕ್ಕೇ ಇರಬಹುದೇ?” “ಹಾಸ್ಟೆಲ್‌ಗೆ ಕಳಿಸಿದ್ದೇ ತಪ್ಪಾಯಿತೇನೋ?” ಮಗನೋ ಮಗಳೋ ತಾನು ಟ್ರಾನ್ಸ್‌ಜೆಂಡರ್ ಎಂದು ಹೇಳಿಕೊಂಡ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಗಳು ಇವೇ. ಪ್ರಶ್ನೆ ಕೇಳುವವರು ಹೆಚ್ಚಾಗಿ ತಾಯಂದಿರು. ಉತ್ತರವನ್ನು ಅವರು ಆಗಲೇ ತಮ್ಮ ವಿರುದ್ಧವೇ ಬರೆದುಕೊಂಡಿರುತ್ತಾರೆ.

ಹಾಗಾಗಿ ನೇರ ಉತ್ತರವನ್ನು ಮೊದಲೇ ಹೇಳಿಬಿಡೋಣ. ನೀವು ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದೋ ಒಂದರಿಂದ ನಿಮ್ಮ ಮಗು ಟ್ರಾನ್ಸ್‌ಜೆಂಡರ್ ಆಯಿತು ಎನ್ನುವುದಕ್ಕೆ ಪುರಾವೆ ಇಲ್ಲ. ಇದೇ ಕಾರಣ ಎಂದು ಬೆರಳಿಟ್ಟು ತೋರಿಸಬಹುದಾದ ಒಂದೇ ಒಂದು ಸಂಗತಿ ವೈದ್ಯವಿಜ್ಞಾನಕ್ಕೂ ಸಿಕ್ಕಿಲ್ಲ. ಸಿಕ್ಕಿರುವುದು ಸುಳಿವುಗಳು ಮಾತ್ರ. ಅವುಗಳಲ್ಲಿ ಹಲವು, ಹುಟ್ಟುವ ಮೊದಲೇ ನಡೆಯುವ ದೇಹದ ಬೆಳವಣಿಗೆಯ ಕಡೆಗೆ ಕೈ ತೋರಿಸುತ್ತವೆ. ಆ ಸುಳಿವುಗಳು ಯಾವುವು, ಎಷ್ಟು ಗಟ್ಟಿ ಎಂಬುದನ್ನು ಮುಂದೆ ನೋಡೋಣ.

ಮೊದಲು ಪದಗಳ ಗೊಂದಲ

ಕನ್ನಡದಲ್ಲಿ ‘ಲಿಂಗ’ ಎಂಬ ಒಂದೇ ಪದವನ್ನು ಹಲವು ಅರ್ಥಗಳಲ್ಲಿ ಬಳಸುತ್ತೇವೆ. ಮಗು ಹುಟ್ಟಿದಾಗ ಜನನಾಂಗ ನೋಡಿ ಗಂಡು ಅಥವಾ ಹೆಣ್ಣು ಎಂದು ಬರೆಯುತ್ತಾರಲ್ಲ, ಅದು ಹುಟ್ಟಿನ ಲಿಂಗ. ನಾನು ಗಂಡು, ನಾನು ಹೆಣ್ಣು, ಅಥವಾ ಇವೆರಡೂ ಅಲ್ಲ ಎಂದು ಒಳಗಿನಿಂದ ಅನಿಸುವುದು ಲಿಂಗತ್ವದ ಅರಿವು. ಬಹುಪಾಲು ಜನರಲ್ಲಿ ಇವೆರಡೂ ಹೊಂದಿಕೊಂಡಿರುತ್ತವೆ, ಹಾಗಾಗಿ ಇವು ಎರಡು ಬೇರೆ ಸಂಗತಿಗಳು ಎಂದೇ ಅವರಿಗೆ ತಿಳಿಯುವುದಿಲ್ಲ. ಹೊಂದಿಕೊಳ್ಳದೆ ಇರುವವರು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು. ಗಂಡು ಎಂದು ಬರೆಸಿಕೊಂಡು ಹುಟ್ಟಿ ತನ್ನನ್ನು ಹೆಣ್ಣೆಂದು ಅರಿತವರು ಟ್ರಾನ್ಸ್ ಮಹಿಳೆ, ಹೆಣ್ಣು ಎಂದು ಬರೆಸಿಕೊಂಡು ಹುಟ್ಟಿ ತನ್ನನ್ನು ಗಂಡೆಂದು ಅರಿತವರು ಟ್ರಾನ್ಸ್ ಪುರುಷ.

ಯಾರ ಮೇಲೆ ಆಕರ್ಷಣೆ ಹುಟ್ಟುತ್ತದೆ ಎಂಬುದು ಬೇರೆಯೇ ವಿಷಯ. ಅದನ್ನು ಲೈಂಗಿಕ ಒಲವು ಎನ್ನುತ್ತೇವೆ. ಹುಟ್ಟುವಾಗಲೇ ವರ್ಣತಂತು, ಹಾರ್ಮೋನು ಅಥವಾ ಜನನಾಂಗಗಳು ಸಾಮಾನ್ಯ ಗಂಡು-ಹೆಣ್ಣಿನ ಮಾದರಿಗೆ ಪೂರ್ತಿ ಹೊಂದದೆ ಇರುವುದು ಅಂತರಲಿಂಗಿ ಸ್ಥಿತಿ. ಬಹಳಷ್ಟು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ದೇಹದಲ್ಲಿ ಅಂಥದ್ದೇನೂ ಇರುವುದಿಲ್ಲ. ಅವರ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ‘ನಾರ್ಮಲ್’ ಬರುತ್ತವೆ. ‘ರಿಪೋರ್ಟ್ ಸರಿಯಾಗೇ ಇದೆ, ಇದೆಲ್ಲ ಬರೀ ಹಟ’ ಎಂದು ಮನೆಯವರು ತೀರ್ಮಾನಿಸುವುದು ಇಲ್ಲಿಯೇ. ರಿಪೋರ್ಟು ದೇಹದ ಬಗ್ಗೆ ಹೇಳುತ್ತದೆ. ಲಿಂಗತ್ವದ ಅರಿವನ್ನು ಅಳೆಯುವ ರಕ್ತಪರೀಕ್ಷೆ ಇಲ್ಲ.

ಹೊರರಾಜ್ಯದಲ್ಲಿರುವ ಕನ್ನಡ ಮನೆಗಳು ಗಮನಿಸಬಹುದಾದ ಇನ್ನೊಂದು ವಿಷಯವಿದೆ. ಕನ್ನಡದಲ್ಲಿ ‘ನಾನು ಹೋದೆ’ ಎಂದರೆ ಹೇಳಿದ್ದು ಹುಡುಗನೋ ಹುಡುಗಿಯೋ ಗೊತ್ತಾಗುವುದಿಲ್ಲ. ಹಿಂದಿಯಲ್ಲಿ, ಮರಾಠಿಯಲ್ಲಿ ಹಾಗಲ್ಲ. ‘ಜಾತಾ ಹೂಂ’ ಎನ್ನಬೇಕೋ ‘ಜಾತೀ ಹೂಂ’ ಎನ್ನಬೇಕೋ ಎಂದು ಪ್ರತಿ ವಾಕ್ಯದಲ್ಲೂ ಆರಿಸಿಕೊಳ್ಳಬೇಕು. ಮನೆಯಲ್ಲಿ ಸಲೀಸಾಗಿ ಮಾತನಾಡುವ ಮಗು ಪುಣೆಯ ಅಥವಾ ದೆಹಲಿಯ ಶಾಲೆಯಲ್ಲಿ ತಡವರಿಸಿದರೆ, ಭಾಷೆ ಬಾರದೆಯೇ ತಡವರಿಸುತ್ತಿದೆ ಎಂದು ಅಂದುಕೊಳ್ಳಬೇಕಾಗಿಲ್ಲ.

ಬೆಳೆಸಿದ ರೀತಿಯಿಂದ ಆಗುತ್ತದೆಯೇ?

ಕಳೆದ ಶತಮಾನದ ಮಧ್ಯಭಾಗದಲ್ಲಿ ಅನೇಕ ತಜ್ಞರು ಹಾಗೆಯೇ ನಂಬಿದ್ದರು. ಹಸುಳೆಯ ಲಿಂಗತ್ವ ಖಾಲಿ ಪಾಟಿಯಂತೆ, ನಾವು ಏನು ಬರೆದರೆ ಅದೇ ಆಗುತ್ತದೆ ಎಂಬುದು ಆಗಿನ ವಾದ. ಅದನ್ನು ಬಲವಾಗಿ ಪ್ರತಿಪಾದಿಸಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮನೋವಿಜ್ಞಾನಿ ಜಾನ್ ಮನಿ. ಆ ವಾದಕ್ಕೆ ದೊಡ್ಡ ಏಟು ಬಿದ್ದದ್ದು ಅವರೇ ಸಲಹೆ ಕೊಟ್ಟ ಒಂದು ಪ್ರಕರಣದಿಂದ.

1965ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಸುಮಾರು ಎಂಟು ತಿಂಗಳಾದಾಗ ಮೂತ್ರದ ತೊಂದರೆಗೆಂದು ಮುಂದೊಗಲು ತೆಗೆಯುವ ಶಸ್ತ್ರಕ್ರಿಯೆ ಮಾಡಿದರು. ಆಗ ವಿದ್ಯುತ್ ಉಪಕರಣದಿಂದ ಒಂದು ಮಗುವಿನ ಶಿಶ್ನ ಸುಟ್ಟುಹೋಯಿತು. ಮನಿ ಅವರ ಸಲಹೆಯಂತೆ ತಂದೆತಾಯಿ ಆ ಮಗುವಿನ ವೃಷಣಗಳನ್ನು ತೆಗೆಸಿ, ಹೆಣ್ಣು ಹೆಸರಿಟ್ಟು, ಫ್ರಾಕು ತೊಡಿಸಿ ಮಗಳಾಗಿ ಬೆಳೆಸಿದರು. ಹದಿಹರೆಯದಲ್ಲಿ ಈಸ್ಟ್ರೋಜನ್ ಕೂಡ ಕೊಡಿಸಿದರು. ನಿಜ ಸಂಗತಿಯನ್ನು ಮಗುವಿಗೆ ಹೇಳಲಿಲ್ಲ. ವೈದ್ಯಕೀಯ ಬರಹಗಳಲ್ಲಿ ಇದು ಯಶಸ್ಸಿನ ಕತೆಯಾಗಿ ವರ್ಷಗಟ್ಟಲೆ ಓಡಾಡಿತು. ಮನೆಯೊಳಗಿನ ಕತೆಯೇ ಬೇರೆ. ಮಗು ಆ ಬಟ್ಟೆಯನ್ನೂ ಆ ಬದುಕನ್ನೂ ಒಪ್ಪಲೇ ಇಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆ ಸತ್ಯ ಹೇಳಿದ ಮೇಲೆ ಆತ ಗಂಡಾಗಿ ಬದುಕಲು ನಿರ್ಧರಿಸಿ ಡೇವಿಡ್ ಎಂಬ ಹೆಸರು ಇಟ್ಟುಕೊಂಡ. 1997ರಲ್ಲಿ ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್‌ಸನ್ ಅವರ ಲೇಖನದಿಂದ ಪ್ರಯೋಗ ಸೋತದ್ದು ಜಗತ್ತಿಗೆ ತಿಳಿಯಿತು. ಡೇವಿಡ್ ರೈಮರ್ 2004ರಲ್ಲಿ, 38ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಡೇವಿಡ್ ಟ್ರಾನ್ಸ್‌ಜೆಂಡರ್ ಆಗಿರಲಿಲ್ಲ. ಆದರೂ ಅವರ ಕತೆಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಬಟ್ಟೆ, ಹೆಸರು, ಆಟಿಕೆ, ಹಾರ್ಮೋನು, ತಂದೆತಾಯಿಯ ಪ್ರೀತಿ ಇವಿಷ್ಟೂ ಸೇರಿಯೂ ಒಂದು ಮಗುವಿನ ಒಳಗಿನ ಅರಿವನ್ನು ಬದಲಿಸಲಾಗಲಿಲ್ಲ. ಹೀಗಿರುವಾಗ ಅಕ್ಕನ ಬಳೆ ತೊಟ್ಟು ಆಡಿದ್ದರಿಂದ, ಶಾಲೆಯ ನಾಟಕದಲ್ಲಿ ಹೆಣ್ಣು ವೇಷ ಹಾಕಿದ್ದರಿಂದ ಅದು ಬದಲಾಯಿತು ಎಂದು ನಂಬುವುದು ಹೇಗೆ?

ಒಂದೇ ಪ್ರಕರಣದ ಮೇಲೆ ಸಿದ್ಧಾಂತ ಕಟ್ಟಬಾರದು ಎಂಬುದೂ ನಿಜ. ಕೆನಡಾದಲ್ಲೇ ಇಂಥದೇ ಅಪಘಾತವಾಗಿ ಇನ್ನೂ ಎಳೆಯ ವಯಸ್ಸಿನಿಂದ ಹೆಣ್ಣಾಗಿ ಬೆಳೆದ ಇನ್ನೊಬ್ಬರು ದೊಡ್ಡವರಾದ ಮೇಲೂ ತಮ್ಮನ್ನು ಹೆಣ್ಣೆಂದೇ ಹೇಳಿಕೊಂಡರು. ಇನ್ನು 2004ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವಿದೆ. ಕೆಳಹೊಟ್ಟೆಯ ಭಾಗ ಸರಿಯಾಗಿ ಮುಚ್ಚಿಕೊಳ್ಳದ ಅಪರೂಪದ ಜನ್ಮದೋಷದಿಂದ ಹುಟ್ಟಿದ, ಗಂಡು ವರ್ಣತಂತುಗಳಿದ್ದ 14 ಮಕ್ಕಳನ್ನು ಶಸ್ತ್ರಕ್ರಿಯೆ ಮಾಡಿ ಹೆಣ್ಣುಮಕ್ಕಳಾಗಿ ಬೆಳೆಸಲಾಗಿತ್ತು. ಅವರಲ್ಲಿ 8 ಮಂದಿ ಅಧ್ಯಯನದ ಅವಧಿಯಲ್ಲಿ ತಾವು ಹುಡುಗರು ಎಂದು ಹೇಳಿಕೊಂಡರು. ಎಲ್ಲರೂ ಹಾಗೆ ಹೇಳಲಿಲ್ಲ ಎಂಬುದನ್ನೂ ಗಮನಿಸಿ. ಲಿಂಗತ್ವದ ಅರಿವು ಒಂದೇ ಗುಂಡಿ ಒತ್ತಿದರೆ ಹತ್ತುವ ದೀಪವಲ್ಲ.

ಗರ್ಭದಲ್ಲಿ ಹಾರ್ಮೋನುಗಳ ಪಾತ್ರ

ಇಂದು ಹೆಚ್ಚು ಚರ್ಚೆಯಲ್ಲಿರುವ ವಿವರಣೆ ಇದು. ಗರ್ಭದ ಮೊದಲ ಮೂರು ತಿಂಗಳಲ್ಲಿ ಜನನಾಂಗಗಳು ಗಂಡು ಅಥವಾ ಹೆಣ್ಣು ರೂಪ ಪಡೆಯಲು ತೊಡಗುತ್ತವೆ. ಮಿದುಳಿನ ಬೆಳವಣಿಗೆಯ ಮೇಲೆ ಟೆಸ್ಟೋಸ್ಟೀರಾನ್‌ನಂಥ ಹಾರ್ಮೋನುಗಳು ಪ್ರಭಾವ ಬೀರುವುದು ಬಹುಮಟ್ಟಿಗೆ ಅದರ ನಂತರ. ಎರಡೂ ಬೇರೆ ಬೇರೆ ಹೊತ್ತಿನಲ್ಲಿ ನಡೆಯುವುದರಿಂದ ದೇಹ ಒಂದು ದಾರಿಯಲ್ಲಿ, ಮಿದುಳಿನ ಕೆಲವು ಭಾಗಗಳು ಇನ್ನೊಂದು ದಾರಿಯಲ್ಲಿ ಸಾಗಬಹುದು ಎಂಬುದು ವಿಜ್ಞಾನಿಗಳ ಊಹೆ.

ಹುಟ್ಟಲಿರುವ ಮನುಷ್ಯರ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಲು ಸಾಧ್ಯವಿಲ್ಲ, ಮಾಡಲೂಬಾರದು. ಆದ್ದರಿಂದ ನಿಸರ್ಗವೇ ಮಾಡಿದ ವ್ಯತ್ಯಾಸಗಳನ್ನು ನೋಡಬೇಕಾಗುತ್ತದೆ. ಜನ್ಮಜಾತ ಅಡ್ರೀನಲ್ ಹೈಪರ್‌ಪ್ಲೇಸಿಯಾ ಎಂಬ ಸ್ಥಿತಿಯಲ್ಲಿ, ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಗಳು ಗರ್ಭದಲ್ಲೇ ಗಂಡು ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತವೆ. ಹೆಣ್ಣು ವರ್ಣತಂತುಗಳಿದ್ದು ಈ ಸ್ಥಿತಿಯೊಂದಿಗೆ ಹುಟ್ಟಿ ಹೆಣ್ಣಾಗಿ ಬೆಳೆದ 250 ಮಂದಿಯ ವಿವರಗಳನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸುಮಾರು ಶೇ. 5ರಷ್ಟು ಮಂದಿಗೆ ತಮ್ಮ ಲಿಂಗತ್ವದ ಬಗ್ಗೆ ಗಂಭೀರ ತೊಳಲಾಟ ಇತ್ತು. ಸಾಮಾನ್ಯ ಜನರಿಗಿಂತ ಇದು ಎಷ್ಟೋ ಹೆಚ್ಚು. ಆದರೆ ಉಳಿದ ಶೇ. 95ರಷ್ಟು ಮಂದಿ ಹೆಣ್ಣಾಗಿಯೇ ನೆಮ್ಮದಿಯಿಂದಿದ್ದರು. ಅಂದರೆ ಹಾರ್ಮೋನಿಗೆ ಪಾತ್ರವಿದೆ, ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಹಳ್ಳಿಗಳ ಉದಾಹರಣೆ ಇನ್ನೂ ಕುತೂಹಲದ್ದು. ಅಲ್ಲಿ ಆನುವಂಶಿಕವಾಗಿ ಬರುವ ಒಂದು ಕಿಣ್ವದ ಕೊರತೆಯಿಂದ ಗಂಡು ವರ್ಣತಂತುಗಳಿದ್ದ ಕೆಲವು ಮಕ್ಕಳು ಹೆಣ್ಣಿನಂತೆ ಕಾಣುವ ಹೊರ ಜನನಾಂಗಗಳೊಂದಿಗೆ ಹುಟ್ಟುತ್ತಿದ್ದರು, ಪ್ರೌಢರಾಗುವಾಗ ದೇಹ ಗಂಡಿನಂತೆ ಬೆಳೆಯುತ್ತಿತ್ತು. 1979ರ ವರದಿಯ ಪ್ರಕಾರ, ಯಾವ ಅನುಮಾನವೂ ಇಲ್ಲದೆ ಹುಡುಗಿಯರೆಂದೇ ಬೆಳೆದಿದ್ದ 18 ಮಂದಿಯಲ್ಲಿ 17 ಮಂದಿ ಮುಂದೆ ತಮ್ಮನ್ನು ಗಂಡೆಂದು ಗುರುತಿಸಿಕೊಂಡರು. ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಗಂಡು ವರ್ಣತಂತುಗಳಿದ್ದು, ದೇಹ ಗಂಡು ಹಾರ್ಮೋನಿಗೆ ಸ್ವಲ್ಪವೂ ಸ್ಪಂದಿಸದ ಸ್ಥಿತಿಯಲ್ಲಿ ಹುಟ್ಟಿದವರು ಹೆಣ್ಣಿನ ದೇಹ ಪಡೆದು, ಸಾಮಾನ್ಯವಾಗಿ ಹೆಣ್ಣಾಗಿಯೇ ಬದುಕುತ್ತಾರೆ. ಮುಟ್ಟು ಏಕೆ ಆಗಲಿಲ್ಲ ಎಂದು ಪರೀಕ್ಷೆ ಮಾಡಿಸಿದಾಗಲಷ್ಟೇ ಹಲವರಿಗೆ ಈ ವಿಷಯ ಗೊತ್ತಾಗುವುದು.

ಇವೆಲ್ಲ ಅಂತರಲಿಂಗಿ ಸ್ಥಿತಿಗಳು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ಗರ್ಭದಲ್ಲಿ ಇದೇ ಆಗಿತ್ತು ಎಂದು ಇವುಗಳಿಂದ ಸಾಬೀತಾಗುವುದಿಲ್ಲ. ತಾಯಂದಿರ ಮಾತ್ರೆಯ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬೇಕು. ಇಲ್ಲಿ ಹೇಳಿದ ಹಾರ್ಮೋನುಗಳು ಮಗುವಿನ ದೇಹದಲ್ಲೇ ತಯಾರಾಗುವಂಥವು. ಬಸುರಿಯಲ್ಲಿ ಎಲ್ಲರಿಗೂ ಕೊಡುವ ಕಬ್ಬಿಣಾಂಶದ ಮಾತ್ರೆ, ಫೋಲಿಕ್ ಆಸಿಡ್, ಜ್ವರದ ಮಾತ್ರೆ, ತಿಂದ ಪಪ್ಪಾಯಿ, ನೋಡಿದ ಗ್ರಹಣ ಇವುಗಳಿಂದ ಮಗು ಟ್ರಾನ್ಸ್‌ಜೆಂಡರ್ ಆಗುತ್ತದೆ ಎನ್ನಲು ಯಾವ ಆಧಾರವೂ ಇಲ್ಲ.

ಜೀನ್ ಮತ್ತು ಮಿದುಳು

ಅವಳಿಗಳನ್ನು ನೋಡಿದರೆ ಆನುವಂಶಿಕತೆಯ ಅಂದಾಜು ಸಿಗುತ್ತದೆ. ಅದುವರೆಗೆ ವರದಿಯಾಗಿದ್ದ ಪ್ರಕರಣಗಳನ್ನು 2012ರಲ್ಲಿ ಸೇರಿಸಿ ನೋಡಿದಾಗ, 23 ತದ್ರೂಪಿ ಅವಳಿ ಜೋಡಿಗಳ ಪೈಕಿ 9 ಜೋಡಿಗಳಲ್ಲಿ ಇಬ್ಬರೂ ಟ್ರಾನ್ಸ್‌ಜೆಂಡರ್ ಆಗಿದ್ದರು. ತದ್ರೂಪಿಗಳಲ್ಲದ, ಆದರೆ ಒಂದೇ ಲಿಂಗದ 21 ಜೋಡಿಗಳಲ್ಲಿ ಅಂಥ ಒಂದು ಜೋಡಿಯೂ ಇರಲಿಲ್ಲ. ಜೀನ್‌ಗಳ ಪಾತ್ರಕ್ಕೆ ಇದು ಸುಳಿವು. ಆದರೆ ವಿಶೇಷ ಅನಿಸಿದ ಪ್ರಕರಣಗಳೇ ವರದಿಯಾಗುವುದು ಹೆಚ್ಚು, ಹಾಗಾಗಿ ಈ ಲೆಕ್ಕ ಉಬ್ಬಿರಬಹುದು. ಸ್ವೀಡನ್‌ನ ಆರೋಗ್ಯ ದಾಖಲೆಗಳನ್ನು ಇಟ್ಟುಕೊಂಡು ನಡೆಸಿದ ನಂತರದ ಅಧ್ಯಯನದಲ್ಲಿ ಫಲಿತಾಂಶ ಹೀಗೆ ಬರಲಿಲ್ಲ. ‘ಟ್ರಾನ್ಸ್‌ಜೆಂಡರ್ ಜೀನ್’ ಎಂಬ ಒಂದು ಜೀನ್ ಪತ್ತೆಯಾಗಿಲ್ಲ. ಕುಟುಂಬದಲ್ಲಿ ಒಬ್ಬರು ಟ್ರಾನ್ಸ್‌ಜೆಂಡರ್ ಎಂದು ತಂಗಿಯ ಮದುವೆಗೆ ಮುನ್ನ ಜೀನ್ ಪರೀಕ್ಷೆ ಮಾಡಿಸುವುದಕ್ಕೆ ಅರ್ಥವಿಲ್ಲ.

ಮಿದುಳಿನ ಅಧ್ಯಯನಗಳು ಪತ್ರಿಕೆಗಳಲ್ಲಿ ಜೋರಾಗಿ ಸುದ್ದಿಯಾಗುತ್ತವೆ, ಅದಕ್ಕೇ ಅವನ್ನು ಎಚ್ಚರದಿಂದ ಓದಬೇಕು. 1995ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಮೃತಪಟ್ಟಿದ್ದ ಆರು ಟ್ರಾನ್ಸ್ ಮಹಿಳೆಯರ ಮಿದುಳನ್ನು ಪರೀಕ್ಷಿಸಿ, ಅದರ ಒಂದು ಸಣ್ಣ ಭಾಗದ ಗಾತ್ರ ಗಂಡಸರಂತಿರದೆ ಹೆಂಗಸರಷ್ಟೇ ಇದೆ ಎಂದು ವರದಿ ಮಾಡಿದರು. ‘ಗಂಡಿನ ದೇಹದಲ್ಲಿ ಹೆಣ್ಣಿನ ಮಿದುಳು’ ಎಂಬ ಮಾತು ಅಲ್ಲಿಂದ ಚಾಲ್ತಿಗೆ ಬಂತು. ಪರೀಕ್ಷಿಸಿದ್ದು ಆರೇ ಮಿದುಳುಗಳನ್ನು. ಅವರು ಬದುಕಿದ್ದಾಗ ಹಾರ್ಮೋನು ತೆಗೆದುಕೊಂಡಿದ್ದರು, ಹಾರ್ಮೋನುಗಳಿಂದ ಮಿದುಳಿನ ಗಾತ್ರ ಬದಲಾಗುವುದುಂಟು. ಗಂಡು-ಹೆಣ್ಣಿನ ನಡುವೆ ಆ ಭಾಗದ ವ್ಯತ್ಯಾಸ ಎದ್ದು ಕಾಣುವುದೇ ದೊಡ್ಡವರಾದ ಮೇಲೆ ಎಂದು 2002ರಲ್ಲಿ ಅದೇ ದೇಶದ ಸಂಶೋಧಕರು ತೋರಿಸಿದರು. ಇತ್ತೀಚೆಗೆ ಹಲವು ದೇಶಗಳ ಸುಮಾರು 800 ಮಂದಿಯ ಎಂಆರ್‌ಐ ಚಿತ್ರಗಳನ್ನು ಹೋಲಿಸಿದಾಗ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಮಿದುಳು ‘ಗಂಡು’ ಅಥವಾ ‘ಹೆಣ್ಣು’ ಮಾದರಿಯ ನಕಲಿನಂತಿರದೆ, ಕೆಲವು ಅಂಶಗಳಲ್ಲಿ ತನ್ನದೇ ರೀತಿಯದಾಗಿ ಕಂಡಿತು. ಎಲ್ಲವೂ ಸರಾಸರಿಯ ಲೆಕ್ಕ. ಒಬ್ಬ ವ್ಯಕ್ತಿಯ ಎಂಆರ್‌ಐ ನೋಡಿ ಅವರು ಟ್ರಾನ್ಸ್‌ಜೆಂಡರ್ ಹೌದೋ ಅಲ್ಲವೋ ಎಂದು ಯಾವ ವೈದ್ಯರೂ ಹೇಳಲಾರರು. ಅದಕ್ಕಾಗಿ ಸ್ಕ್ಯಾನ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ದುಡ್ಡು ಉಳಿಸಿಕೊಳ್ಳಿ.

ಸಹವಾಸ, ಮೊಬೈಲು, ಹಳೆಯ ಗಾಯ

“ಇನ್‌ಸ್ಟಾಗ್ರಾಮ್ ನೋಡಿ ಕಲಿತಿದ್ದು” ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. 2018ರಲ್ಲಿ ಅಮೆರಿಕದ ಒಂದು ಲೇಖನ, ಹದಿಹರೆಯದವರಲ್ಲಿ ಇದು ಗೆಳೆಯರ ಗುಂಪಿನಿಂದ ‘ಹರಡುತ್ತಿರಬಹುದು’ ಎಂಬ ಊಹೆ ಮುಂದಿಟ್ಟಿತು. ಅದರಲ್ಲಿ ಪ್ರಶ್ನೆ ಕೇಳಿದ್ದು ತಂದೆತಾಯಿಗಳನ್ನು ಮಾತ್ರ, ಮಕ್ಕಳನ್ನಲ್ಲ. ಅವರನ್ನು ಆರಿಸಿಕೊಂಡದ್ದೂ ಇಂಥದೇ ಆತಂಕವಿದ್ದವರು ಸೇರುವ ಕೆಲವು ಜಾಲತಾಣಗಳಿಂದ. ಮರುವರ್ಷ ಆ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ಕೆನಡಾದ ಚಿಕಿತ್ಸಾಲಯಗಳಿಗೆ ಬಂದ ಹದಿಹರೆಯದವರ ಮಾಹಿತಿಯಲ್ಲಿ ಆ ಊಹೆಗೆ ಬೆಂಬಲ ಸಿಗಲಿಲ್ಲ. ಮಕ್ಕಳು ಮೊಬೈಲಿನಿಂದ ಪಡೆಯುವುದು ಹೆಚ್ಚಾಗಿ ಒಂದು ಪದವನ್ನು, ತನ್ನಂತೆ ಇನ್ನೂ ಕೆಲವರಿದ್ದಾರೆ ಎಂಬ ತಿಳಿವನ್ನು.

ಹಾಗೆಂದು ಹುಡುಗಿಯ ಬಟ್ಟೆ ಇಷ್ಟಪಡುವ ಪ್ರತಿ ಹುಡುಗನೂ, ಕ್ರಿಕೆಟ್ ಬ್ಯಾಟು ಕೆಳಗಿಡದ ಪ್ರತಿ ಹುಡುಗಿಯೂ ಟ್ರಾನ್ಸ್‌ಜೆಂಡರ್ ಅಲ್ಲ. ಚಿಕ್ಕ ಮಕ್ಕಳಲ್ಲಿ ಇಂಥ ವರ್ತನೆ ಬಂದು ಹೋಗುವುದು ಸಾಮಾನ್ಯ. ಪ್ರೌಢರಾಗುವ ಹೊತ್ತಿನಲ್ಲಿ ದೇಹದ ಬದಲಾವಣೆಗಳು ತೀರಾ ಸಂಕಟ ಕೊಡುತ್ತಾ, ‘ನಾನು ಹೀಗೆ’ ಎಂಬ ಅರಿವು ವರ್ಷಗಟ್ಟಲೆ ಸ್ಥಿರವಾಗಿ ಉಳಿದರೆ ಅದು ಮುಂದೆಯೂ ಉಳಿಯುವ ಸಂಭವ ಹೆಚ್ಚು. ಮಗು ಏನು ಎಂದು ಅವಸರದಲ್ಲಿ ನೀವು ತೀರ್ಪು ಕೊಡಬೇಕಾದ ಅಗತ್ಯ ಯಾವ ಕಡೆಗೂ ಇಲ್ಲ.

ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಆಗಿದ್ದರಿಂದ ಹೀಗಾಯಿತು ಎಂಬ ಮಾತೂ ಇದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಲ್ಲಿ ಅಂಥ ನೋವು ಉಂಡವರು ಹೆಚ್ಚು ಎಂಬುದು ದುಃಖದ ಸತ್ಯ. ಆದರೆ ನಡೆನುಡಿಯಲ್ಲಿ ಭಿನ್ನವಾಗಿ ಕಾಣುವ ಮಗುವನ್ನೇ ಕಿಡಿಗೇಡಿಗಳು ಗುರಿ ಮಾಡುತ್ತಾರೆ. ದೌರ್ಜನ್ಯ ಅನುಭವಿಸಿದ ಬಹುಪಾಲು ಮಕ್ಕಳು ಟ್ರಾನ್ಸ್‌ಜೆಂಡರ್ ಆಗುವುದಿಲ್ಲ. ಆ ಗಾಯಕ್ಕೆ ಅದರದೇ ಆರೈಕೆ ಬೇಕು. ಆಟಿಸಂ ವಿಷಯವೂ ಇಂಥದೇ. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿದ 2020ರ ಅಧ್ಯಯನದಲ್ಲಿ, ಟ್ರಾನ್ಸ್‌ಜೆಂಡರ್ ಹಾಗೂ ಲಿಂಗತ್ವದಲ್ಲಿ ಭಿನ್ನರಾದವರಲ್ಲಿ ಆಟಿಸಂ ಇರುವ ಸಾಧ್ಯತೆ ಇತರರಿಗಿಂತ 3ರಿಂದ 6 ಪಟ್ಟು ಹೆಚ್ಚು ಕಂಡುಬಂತು. ಒಂದರಿಂದ ಇನ್ನೊಂದು ಬಂತು ಎಂದು ಇದರ ಅರ್ಥವಲ್ಲ. ಆಟಿಸಂ ಇರುವ ಮಗು ತನ್ನ ಲಿಂಗತ್ವದ ಬಗ್ಗೆ ಹೇಳಿದಾಗ ‘ಅದಕ್ಕೇನು ತಿಳಿಯುತ್ತೆ’ ಎಂದು ತಳ್ಳಿಹಾಕುವುದೂ ಸರಿಯಲ್ಲ.

ಯಲ್ಲಮ್ಮ, ಜೋಗಪ್ಪ, ಜನಗಣತಿ

ಇದೆಲ್ಲ ಹೊರದೇಶದ ಗಾಳಿ ಎಂದು ಹೇಳುವ ಹಿರಿಯರಿಗೆ ಉತ್ತರ ಅವರ ಊರಿನಲ್ಲೇ ಇದೆ. ಉತ್ತರ ಕರ್ನಾಟಕದಲ್ಲಿ ಗಂಡಾಗಿ ಹುಟ್ಟಿ ಸೀರೆ ಉಟ್ಟ ಜೋಗಪ್ಪಗಳು ಯಲ್ಲಮ್ಮನ ಕೊಡ ಹೊತ್ತು ಮನೆಮನೆಗೆ ಬರುವುದನ್ನು ನೋಡದೆ ಬೆಳೆದವರು ಕಡಿಮೆ. ‘ಅಮ್ಮ ಹಿಡಿದಿದ್ದಾಳೆ’ ಎಂಬುದು ಆ ಸಮಾಜ ತಾನೇ ಕಂಡುಕೊಂಡ ವಿವರಣೆ. ವಿಜ್ಞಾನ ಅದನ್ನು ಅಳೆಯಲಾರದು. ಆದರೆ ಆ ವಿವರಣೆಯಲ್ಲಿ ತಾಯಿಯ ಮೇಲೂ ಮಗುವಿನ ಮೇಲೂ ತಪ್ಪು ಹೊರಿಸಿಲ್ಲ ಎಂಬುದು ನನಗೆ ಎಷ್ಟೋ ಹೊಸ ಸಿದ್ಧಾಂತಗಳಿಗಿಂತ ಮೇಲೆನಿಸುತ್ತದೆ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದ ‘ಇತರೆ’ ಕಾಲಂನಲ್ಲಿ ದೇಶದಾದ್ಯಂತ 4.87 ಲಕ್ಷ ಜನರ ಲೆಕ್ಕ ಸಿಕ್ಕಿತ್ತು. ಹೆದರಿ ಆ ಕಾಲಂ ಬಿಟ್ಟವರು ಆ ಲೆಕ್ಕದಲ್ಲಿಲ್ಲ.

ಕಾರಣ ಗೊತ್ತಾದರೆ ‘ಗುಣ’ ಮಾಡಬಹುದೇ?

ಕಾರಣ ಹುಡುಕುವುದರ ಹಿಂದೆ ಹಲವರ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2019ರಲ್ಲಿ ಅಂಗೀಕಾರವಾಗಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದ್ದಾರೆ. ಬೇಕಾದವರಿಗೆ ವೈದ್ಯಕೀಯ ನೆರವು ಸಿಗಲಿ ಎಂಬುದಕ್ಕಾಗಿ ಪಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ. ಚಿಕಿತ್ಸೆ ಬೇಕಾಗುವುದು ದೇಹ ಮತ್ತು ಅರಿವಿನ ನಡುವಿನ ಸಂಕಟಕ್ಕೆ, ಜೊತೆಗೆ ಬರುವ ಖಿನ್ನತೆ, ಆತಂಕಗಳಿಗೆ. ಅರಿವನ್ನೇ ಬದಲಿಸುವ ಔಷಧಿ ಇಲ್ಲ.

ಆದರೂ ‘ಗಂಡಸುತನ ಬರಿಸುವ’ ಟೆಸ್ಟೋಸ್ಟೀರಾನ್ ಇಂಜೆಕ್ಷನ್, ಶಾಕ್, ತಿಂಗಳುಗಟ್ಟಲೆ ಕೂಡಿಹಾಕುವ ಕೇಂದ್ರ, ತಾಯತ, ‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ’ ಎಂದು ಊರಿನಿಂದ ಬರುವ ಫೋನು ಇವೆಲ್ಲ ನಡೆದೇ ಇವೆ. ಟ್ರಾನ್ಸ್ ಮಹಿಳೆಗೆ ಟೆಸ್ಟೋಸ್ಟೀರಾನ್ ಚುಚ್ಚಿದರೆ ಗಡ್ಡ ದಟ್ಟವಾಗುತ್ತದೆ, ಸಂಕಟವೂ ಹೆಚ್ಚುತ್ತದೆ. ಮದುವೆ ಮಾಡಿದರೆ ನೋಯುವವರು ಇಬ್ಬರಾಗುತ್ತಾರೆ. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಪರಿಗಣಿಸಿತು. ಹಾಗಾಗಿ ‘ಬದಲಾಯಿಸಿ ಕೊಡುತ್ತೇನೆ’ ಎಂದು ಭರವಸೆ ಕೊಡುವ ವೈದ್ಯರಿಂದ ಎದ್ದು ಬನ್ನಿ.

ಮನೆಯವರು ಒಪ್ಪಿ ಜೊತೆಗೆ ನಿಂತಾಗ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ಕಡಿಮೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಕಾರಣದ ವಿಷಯದಲ್ಲಿ ವಿಜ್ಞಾನ ಇಷ್ಟು ಖಚಿತವಾಗಿ ಮಾತನಾಡುವುದಿಲ್ಲ, ಇದರಲ್ಲಿ ಮಾತನಾಡುತ್ತದೆ.

ವೈದ್ಯರನ್ನು ಕಾಣುವಾಗ ಮನೋವೈದ್ಯರಿಂದ ಶುರು ಮಾಡಿ, ಹಾರ್ಮೋನಿನ ಪ್ರಶ್ನೆ ಬಂದರೆ ಎಂಡೋಕ್ರೈನಾಲಜಿಸ್ಟ್ ಬಳಿ ಹೋಗಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಜೊತೆ ಕೆಲಸ ಮಾಡಿದ ಅನುಭವ ಇದೆಯೇ ಎಂದು ಫೋನಿನಲ್ಲೇ ಕೇಳಿ. ಮಗು ಸ್ವಲ್ಪ ಹೊತ್ತು ವೈದ್ಯರ ಜೊತೆ ಒಂಟಿಯಾಗಿ ಮಾತನಾಡಲಿ. ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಹಾರ್ಮೋನು ಮಾತ್ರೆ ತಾವೇ ಕೊಂಡು ನುಂಗುವವರಿದ್ದಾರೆ. ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಅದನ್ನು ಬೈಯದೆ ವಿಚಾರಿಸಿ, ವೈದ್ಯರಿಗೆ ತಿಳಿಸಿ. ಇನ್ನು ‘ಬಂದ’ ಎನ್ನಬೇಕೋ ‘ಬಂದಳು’ ಎನ್ನಬೇಕೋ ಎಂದು ನಾಲಿಗೆ ತಡವರಿಸುವ ದಿನಗಳಲ್ಲಿ ಕನ್ನಡದ ‘ಬಂದರು’ ಒದಗಿಬರುತ್ತದೆ. ಆಮೇಲೆ ಯಾವುದು ಬೇಕು ಎಂದು ಅವರನ್ನೇ ಕೇಳಿ.

ಮಗು ಅಥವಾ ನೀವೇ ತೀರಾ ಕುಸಿದಿದ್ದರೆ, ಸಾಯುವ ಮಾತು ಬರುತ್ತಿದ್ದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ. ನೀವು ಯಾವ ರಾಜ್ಯದಲ್ಲಿದ್ದರೂ ಕನ್ನಡದಲ್ಲಿ ಮಾತನಾಡುವವರು ಬೇಕು ಎಂದು ಕೇಳಿ.